ಎರಡನೇ ಫಾರಂ

ತಾರೀಕು ಹದಿನಾಲ್ಕು, ಮಂಗಳವಾರ
ಬೈಂಡಿಂಗ್ ಕೋಣೆಯಿಂದ

ನನ್ನ ಮುದ್ದು ಮಗಳೇ,

ಭಿಕ್ಷುಣಿಯಾದವಳನ್ನು ಹಳೆಯ ಹೆಸರಿನಿಂದ ಕರೆಯಬಾರದಂತೆ. ಹೊಸ ಹೆಸರು ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಮಗಳೇ ಎಂದೇ ಕರೆಯುತ್ತೇನೆ, ಅದನ್ನು ಯಾವ ವಿಹಾರದವರೂ ಬದಲಾಯಿಸಲಾರರು.

ಮೂರು ವರ್ಷ ಒಂದು ಸಾಲೂ ಬರೆಯಲಿಲ್ಲ, ತಪ್ಪು ನನ್ನದೇ. ನೀನು ಬುದ್ಧನ ಹಾದಿ ಹಿಡಿದದ್ದಕ್ಕೆ ನನಗೆ ಕೋಪವಿರಲಿಲ್ಲ. ನಿನ್ನ ಅಜ್ಜಿಯ ಕಾಲದಿಂದ ನಡೆದುಕೊಂಡು ಬಂದ ಥೇರವಾದ ಬಿಟ್ಟು ಸೇತುವೆಯಾಚೆಯ ಮಹಾಯಾನದವರ ಬಳಿ ಹೋದೆಯಲ್ಲ, ಅದಕ್ಕೆ. ಮನೆಯಲ್ಲಿ ಅಡುಗೆಯಿದ್ದೂ ಪಕ್ಕದ ಮನೆಗೆ ಉಣ್ಣಲು ಹೋಗುತ್ತೀಯಾ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದೆ.

ಈಗ ಬರೆಯುವುದಕ್ಕೆ ಕಾರಣವಿದೆ. ನಿನ್ನ ತಾಯಿ ಕೆಲಸದಲ್ಲಿ ಎಡವಿದಳು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಎರಡು ತಿಂಗಳ ಹಿಂದೆ ನಮ್ಮ ವಿಹಾರದ ಧರ್ಮಪಾಠದ ಪುಸ್ತಕವೂ ನಿಮ್ಮ ವಿಹಾರದ್ದೂ ಒಂದೇ ವಾರ ನಮ್ಮ ಪ್ರೆಸ್ಸಿಗೆ ಬಂದವು. ಅದೇ ಕಾಗದ, ಅದೇ ಅಳತೆ, ಅದೇ ಅಕ್ಷರ, ತಲಾ ಮುನ್ನೂರು ಪ್ರತಿ. ಹದಿನಾರು ಪುಟಕ್ಕೊಂದು ಫಾರಂ ಮಡಚಿ, ಸಾಲಾಗಿ ಜೋಡಿಸಿ ಹೊಲಿಯುವುದು ನನ್ನ ಕೆಲಸ. ಈ ಮೇಜಿನ ಕೆಳಗೇ ಬೆಳೆದವಳಿಗೆ ಅದನ್ನು ಹೇಳಬೇಕಿಲ್ಲ. ಎರಡೂ ಪುಸ್ತಕಗಳ ಎರಡನೇ ಫಾರಂ ಅದಲುಬದಲಾಯಿತು. ನಿಮ್ಮದು ನಮ್ಮ ಪುಸ್ತಕದೊಳಗೆ, ನಮ್ಮದು ನಿಮ್ಮದರೊಳಗೆ. ವಯಸ್ಸಾಯಿತು, ಕಣ್ಣು ಮಂಜು, ಏನು ಮಾಡಲಿ?

ಪುಸ್ತಕ ಹಂಚಿ ತಿಂಗಳಾದರೂ ಯಾರಿಗೂ ಗೊತ್ತಾಗಲಿಲ್ಲ! ಗೊತ್ತಾಗುವುದಾದರೂ ಹೇಗೆ? ಎರಡನೇ ಫಾರಂ ಎಂದರೆ ಎರಡರಲ್ಲೂ ಒಂದು ಪೂರ್ತಿ ಅಧ್ಯಾಯ, ಬರಹ ಬೇರೆಯಾದರೂ ಸಾರ ಒಂದೇ. ದುಃಖವಿದೆ, ಅದಕ್ಕೆ ಕಾರಣವಿದೆ, ಅದಕ್ಕೆ ಕೊನೆಯಿದೆ, ಆ ಕೊನೆಗೆ ಎಂಟು ಅಂಗಗಳ ದಾರಿಯಿದೆ. ಯಾವುದೂ ನಿಲ್ಲುವುದಿಲ್ಲ, ಯಾವುದೂ ನನ್ನದಲ್ಲ. ಮೂರನೇ ಫಾರಂನಲ್ಲಿ ನೀವು ಬೋಧಿಸತ್ವರ ಪ್ರತಿಜ್ಞೆಯ ಕಡೆ ತಿರುಗುತ್ತೀರಿ, ನಾವು ನಮ್ಮ ಪಾಲಿ ಸುತ್ತಗಳ, ಬುದ್ಧನ ಉಪದೇಶಗಳ ಕಡೆಗೆ. ಅಲ್ಲಿಯವರೆಗೂ ದಾರಿ ಒಂದೇ, ಮಗಳೇ. ಇಷ್ಟು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಹೋದ ಭಾನುವಾರ ನಮ್ಮ ವಿಹಾರದ ಹಿರಿಯ ಭಿಕ್ಷು, ದೊಡ್ಡ ಭಂತೇಜಿ, ಆ ಅಧ್ಯಾಯ ಓದಿದರು. ನಿಮ್ಮವರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರಲ್ಲ, ಅವರೇ. ಕಾಗದ, ದಾರ, ಅಂಟು ಬೇರೆ ಬೇರೆ ಮಾಡಿದರೆ ಪುಸ್ತಕ ಎಲ್ಲಿ ಉಳಿಯಿತು, ನಾನು ಎಂಬುದೂ ಹಾಗೆಯೇ, ಎಂಬ ಸಾಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು. ನಲವತ್ತು ವರ್ಷದಿಂದ ಇದನ್ನೇ ಹೇಳ್ತಾ ಬಂದಿದೀನಿ, ಇಷ್ಟು ಚೆನ್ನಾಗಿ ಒಂದಿನಾನೂ ಹೇಳೋಕಾಗ್ಲಿಲ್ಲ, ಯಾರಪ್ಪಾ ಬರೆದೋರು ಅಂದರು.

ಹೊಲಿಗೆ ಬಿಚ್ಚಿದರೆ ಪುಸ್ತಕ ಎಲ್ಲಿ ಹೋಗುತ್ತೆ ಎಂದು ಏಳು ವರ್ಷದವಳಾಗಿದ್ದಾಗ ನನ್ನನ್ನು ಕೇಳಿದವಳು ನೀನಲ್ಲದೆ ಇನ್ಯಾರು? ಎದ್ದು ನಿಂತು ತಪ್ಪೊಪ್ಪಿಕೊಂಡೆ. ಇದು ಆಚೆಯ ವಿಹಾರದ ಪುಟ, ಬರೆದವಳು ನನ್ನ ಮಗಳು ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ಆಡಿಕೊಳ್ಳುತ್ತಾರೇನೋ ಅಂದುಕೊಂಡೆ. ಭಂತೇಜಿ ಆ ಪುಟಗಳನ್ನು ತಿರುವಿ ನೋಡಿ ನಕ್ಕುಬಿಟ್ಟರು. ಬಿಚ್ಚಿ ಹೊಲಿಯೋದೇನೂ ಬೇಡಮ್ಮ, ಇದ್ದ ಹಾಗೇ ಇರಲಿ ಅಂದರು.

ಬರುವ ಭಾನುವಾರ ಆ ಅಧ್ಯಾಯವನ್ನು ನಮ್ಮಲ್ಲಿ ನೀನೇ ಓದಬೇಕೆಂದು ಭಂತೇಜಿ ನಿನ್ನ ಗುರುಗಳಿಗೆ ಹೇಳಿಕಳಿಸಿದ್ದಾರೆ. ಗುರುಗಳ ಮಾತಿಗೆ ನೀನು ಬಂದೇ ಬರುತ್ತೀಯ, ಗೊತ್ತು. ಆದರೆ ಓದು ಮುಗಿದ ಮೇಲೆ ನನ್ನ ಮನೆಗೂ ಬರುತ್ತೀಯಾ? ಈ ಸಲ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಯಾವುದೂ ನನ್ನದಲ್ಲ ಎಂಬುದನ್ನು ಒಪ್ಪಿದೆ. ನಿನ್ನ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು.

ಇಂತಿ,
ನಿನ್ನನ್ನು ಹೆತ್ತೆನೆಂದು ಬೀಗುತ್ತಿರುವ
ಅಮ್ಮ

ಮರೆತ ಮಾತು: ಕಣ್ಣು ಮಂಜು ಎಂದದ್ದು ಸುಳ್ಳು. ಮೊದಲ ಪ್ರತಿಯೊಂದೇ ಕೈತಪ್ಪಿನಿಂದ ಬದಲಾದದ್ದು. ಬಿಚ್ಚಲು ಹೋದಾಗ ನಿನ್ನ ಆ ಸಾಲು ಕಣ್ಣಿಗೆ ಬಿತ್ತು. ಉಳಿದ ಇನ್ನೂರ ತೊಂಬತ್ತೊಂಬತ್ತನ್ನೂ ನೋಡಿ, ಓದಿ, ಬೇಕೆಂದೇ ಅದಲುಬದಲು ಮಾಡಿ ಹೊಲಿದೆ.