ಮಂಜಗುಣಿ ಚಂದನಾ

೩ ನವೆಂಬರ್ ೨೦೨೫, ಸೋಮವಾರ

ಹತ್ತನೇ ಬಿ ಕ್ಲಾಸು. ವರ್ಗಸಮೀಕರಣ. ಬೋರ್ಡಿನ ಕಡೆ ತಿರುಗಿದ್ದೆ. ಹಿಂದಿನ ಬೆಂಚಿನಿಂದ ಯಾರೋ ಗುನುಗಿದರು... ನಾಲ್ಕೇ ಸ್ವರ. ನನಗೆ ಅಷ್ಟು ಸಾಕು. ಚಾಕ್‌ಪೀಸು ನಿಂತಿತು.

ತಿರುಗಲಿಲ್ಲ. ತಿರುಗಿದರೆ ಒಪ್ಪಿಕೊಂಡಂತೆ. ಲೆಕ್ಕ ಮುಗಿಸಿಯೇ ತಿರುಗಿದೆ. ಎಲ್ಲರ ತಲೆ ಪುಸ್ತಕದಲ್ಲಿ. ಒಬ್ಬಳ ಭುಜ ಮಾತ್ರ ನಗುವಿಗೆ ಅಲುಗುತ್ತಿತ್ತು.

ಎಷ್ಟೋ ವರ್ಷದಿಂದ ಇದು ಇರಲಿಲ್ಲ. ಸತ್ತುಹೋಯಿತು ಅಂದುಕೊಂಡಿದ್ದೆ. ಈ ಮಕ್ಕಳು ಹುಟ್ಟುವ ಮೊದಲಿನ ಹಾಡು — ಇವರಿಗೆ ಎಲ್ಲಿ ಸಿಕ್ಕಿತು?

ಸ್ಟಾಫ್‌ರೂಮಿನಲ್ಲಿ ಗೊತ್ತಾಯಿತು. ಹಿಂದಿ ಕಲಿಸುವ ದೀಪಾಲಿ ಮೊಬೈಲು ಹಿಡಿದುಕೊಂಡೇ ಬಂದಳು.

"ಚಂದನಕ್ಕಾ, ಕಂಡ್ಯಾ? ಉಪ್ಪುಗಾಳಿ ಬ್ಯಾಂಡಿಂದು ಇಪ್ಪತ್ತೈದ್ ವರ್ಷದ ಆಲ್ಬಮ್ ಬರ್ತದಂತೆ! ಹಿಟ್ ಹಾಡೆಲ್ಲ ಒಟ್ಟಿಗೆ, ಹೊಸ್ತಾಗಿ ರೆಕಾರ್ಡ್ ಮಾಡಿ. ಫಸ್ಟ್ ಹಾಡು ನಿಂದೇ!"

ನಿಂದೇ ಹಾಡು.

ನಕ್ಕೆ. ಇನ್ನೇನು ಮಾಡಲಿ.

೪ ನವೆಂಬರ್, ಮಂಗಳವಾರ

ಬರೆದರೆ ಹಗುರಾಗುತ್ತದೆಯೋ ನೋಡೋಣ. ಯಾರಿಗೂ ನೆಟ್ಟಗೆ ಹೇಳಿದ್ದೇ ಇಲ್ಲ.

ಎರಡು ಸಾವಿರದ ಇಸವಿ. ಕಾರವಾರದ ನಾಲ್ಕು ಹುಡುಗರು ಸೇರಿ ಬ್ಯಾಂಡು ಮಾಡಿದರು. ಉಪ್ಪುಗಾಳಿ. ಹಾಡು ಬರೆದು ಹಾಡುವವನು ಸಂದೇಶ. ಮೊದಲ ಕ್ಯಾಸೆಟ್ಟಿನ ಮೊದಲ ಹಾಡು —

ಬಾರ್ಜು ಬಿಡುವ ಮುಂಚೆ ಒಮ್ಮೆ ತಿರುಗಿ ನೋಡೇ ಚಂದನಾ
ಮಂಜಗುಣಿ ಚಂದನಾ, ನಿನ್ನ ಕಣ್ಣೇ ಬಂಧನಾ

ಕುಮಟೆಯಿಂದ ಗೋವಾ ಗಡಿವರೆಗೆ ಟೆಂಪೊದಲ್ಲಿ, ಮದುವೆಮನೆಯಲ್ಲಿ, ಗೂಡಂಗಡಿಯಲ್ಲಿ ಅದೇ. ನಮ್ಮೂರು ಮಂಜಗುಣಿ. ಊರಲ್ಲಿ ಚಂದನಾ ಅಂತ ಇದ್ದವಳು ನಾನೊಬ್ಬಳೇ. ಹತ್ತೊಂಬತ್ತು ವರ್ಷ, ಬಿ.ಎಸ್ಸಿ. ಎರಡನೇ ವರ್ಷ. ಸಂದೇಶನ ಮುಖ ಕೂಡ ಕಂಡವಳಲ್ಲ. ಬಾರ್ಜು ಹತ್ತುವವರು ಹೊಳೆ ದಾಟಿ ಆಚೆ ಗಂಗಾವಳಿಗೆ ಹೋಗುವವರು. ನಾನು ಹೋಗುತ್ತಿದ್ದದ್ದು ಈಚೆ, ಅಂಕೋಲೆ ಕಾಲೇಜಿಗೆ, ಬಸ್ಸಿನಲ್ಲಿ. ಹಾಡಿನವಳು ನಾನಲ್ಲ ಅನ್ನುವುದಕ್ಕೆ ಇಷ್ಟು ಸಾಕಿತ್ತು. ಆದರೆ ಯಾರಿಗೆ ಬೇಕು? ಎಲ್ಲರಿಗೂ ಆಗಲೇ ಎಲ್ಲ ಗೊತ್ತಿತ್ತು. ಅವನು ಇವಳನ್ನು ಎಲ್ಲಿ ಕಂಡ, ಇವಳು ಹೇಗೆ ಕೈಕೊಟ್ಟಳು...

ಧಾರವಾಡದಲ್ಲಿ ಎಂ.ಎಸ್ಸಿ. ಗಣಿತಕ್ಕೆ ಸೀಟು ಸಿಕ್ಕಿತ್ತು. ಅಪ್ಪ ಗದ್ದೆಯಿಂದ ಬಂದವರು ಕಾಲು ತೊಳೆಯುತ್ತಲೇ ಹೇಳಿಬಿಟ್ಟರು. "ಇಲ್ಲೇ ಇದ್ದಾಗ ಇಷ್ಟ್ ಹಬ್ಬಿದ್ದು, ಅಲ್ಲಿ ನಿನ್ನ ಕಾಯೂರು ಯಾರು? ಬ್ಯಾಡ." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಇಲ್ಲೇ ಬಿ.ಎಡ್. ಮಾಡಿದೆ. ಇಪ್ಪತ್ತು ವರ್ಷದ ಹಿಂದೆ ಮದುವೆ. ಇವರು ಗುರುಪ್ರಸಾದ, ಬಿಣಗಾ ಕಾರ್ಖಾನೆಯಲ್ಲಿ ಆಪರೇಟರ್. ಒಳ್ಳೆಯ ಮನುಷ್ಯ. ಒಂದು ದಿನವೂ ಹಾಡಿನ ಬಗ್ಗೆ ಕೇಳಿದವರಲ್ಲ. ರೇಡಿಯೊದಲ್ಲಿ ಬಂದರೆ ಎದ್ದು ಆಫ್ ಮಾಡುತ್ತಾರೆ. ಮದುವೆಮನೆಯಲ್ಲಿ ಬಂದರೆ "ನಡಿ, ಹೋಗ್ವಾ" ಅಂತ ಊಟ ಬಿಟ್ಟು ಏಳುತ್ತಾರೆ. ಏನೂ ಹೇಳದೆ.

ಯಾಕೆ ಅಂತ ನಾನೂ ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ಇಪ್ಪತ್ತು ವರ್ಷದಿಂದ "ಅವನನ್ನು ನಾನು ಕಂಡೇ ಇಲ್ಲ" ಅನ್ನುವ ಮಾತು ಬಾಯಲ್ಲಿ ಹಾಗೇ ಇದೆ — ನುಂಗಲೂ ಆಗದೆ, ಉಗಿಯಲೂ ಆಗದೆ.

೮ ನವೆಂಬರ್, ಶನಿವಾರ

ದೀಕ್ಷಾ ಕಾಲೇಜಿನಿಂದ ಬಂದವಳೇ ಬ್ಯಾಗು ಎಸೆದಳು. ಮಗಳು ಸೆಕೆಂಡ್ ಪಿಯುಸಿ. "ಅಮ್ಮಾ, ಕ್ಲಾಸಲ್ಲಿ ಎಲ್ಲರೂ ಕೇಳ್ತ್ರು, ನಿನ್ನಮ್ಮನೇ ರಿಯಲ್ ಚಂದನಾ ಹೌದಾ ಅಂತ. ಎಲ್ಲರೂ ರೀಲ್ಸ್ ಮಾಡ್ತಿದ್ರು. ತಿರುಗಿ ನೋಡೂದು, ಕಣ್ಣು ಹೊಡೂದು..."

"ನೀ ಎಂತ ಹೇಳ್ದೆ?"

"ಹೂಂ ಅಂದೆ." ನನ್ನ ಮುಖ ನೋಡಿ ದನಿ ಸಣ್ಣ ಮಾಡಿದಳು. "ಹೌದಲ್ದಾ?"

ಅವಳಿಗೂ ಯಾರೋ ಹೇಳಿಬಿಟ್ಟಿದ್ದಾರೆ. ಯಾವಾಗ, ಯಾರು?

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. "ಟೀಚರ್, ನಾನು ಸಂದೇಶ, ಉಪ್ಪುಗಾಳಿ." ಆ ದನಿ ನನಗೆ ನನ್ನ ಅಪ್ಪನ ದನಿಗಿಂತ ಪರಿಚಯ. ಮಾತಾಡಿದ್ದು ಮಾತ್ರ ಇವತ್ತೇ ಮೊದಲು. ಡಿಸೆಂಬರ್ ಆರಕ್ಕೆ ಇಲ್ಲೇ ಅಂಕೋಲೆಯಲ್ಲಿ ದೊಡ್ಡ ಪ್ರೋಗ್ರಾಮಂತೆ. ಆಲ್ಬಮ್ಮಿನ ಪ್ರಚಾರಕ್ಕೆ. "ನೀವು ಸ್ಟೇಜಿಗೆ ಬಂದು ಎರಡ್ ನಿಮಿಷ ನಿಂತ್ರೆ ಸಾಕು. ಜನಕ್ಕೆ ರಿಯಲ್ ಚಂದನಾ ಬೇಕು."

ಇಟ್ಟುಬಿಟ್ಟೆ.

೧೬ ನವೆಂಬರ್, ಭಾನುವಾರ

ಕಾರವಾರಕ್ಕೆ ಹೋಗಿಬಂದೆ. ಇವರು ಡ್ಯೂಟಿಗೆ ಹೋದ ಮೇಲೆ. ದೀಕ್ಷಾಗೆ ಮಾತ್ರ ಹೇಳಿದ್ದೆ.

ಒಂದೇ ಮಾತು ಕೇಳುವುದಿತ್ತು — ಆ ಹಾಡನ್ನು ಆಲ್ಬಮ್ಮಿನಿಂದ ಬಿಡಿ.

ಕಾಜುಬಾಗದಲ್ಲಿ ಅವನ ಸ್ಟುಡಿಯೊ. ಗೋಡೆಗೆ ಹಳೇ ಫೋಟೊ, ನಾಲ್ಕು ಹುಡುಗರು ಹಳೇ ಕಾಳಿ ಸೇತುವೆಯ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ದು. ಈಗ ಸಂದೇಶನಿಗೆ ಹೊಟ್ಟೆ ಬಂದಿದೆ, ಕೂದಲಿಗೆ ಬಣ್ಣ. ಬಾಗಿಲಲ್ಲಿ ನಿಂತು ಹೆಸರು ಹೇಳಿದೆ. ಸುಮ್ಮನೆ ನೋಡಿದ. ನಾನು ಯಾರು ಅಂತ ಹೊಳೆಯುವುದಕ್ಕೆ ಹೊತ್ತೇ ಹಿಡಿಯಿತು ಅವನಿಗೆ.

"ಅರೆ, ಬನ್ನಿ ಬನ್ನಿ ಟೀಚರ್!" ಚಹಾ ತರಿಸಿದ. ನಾನು ಕೇಳಿದ್ದಕ್ಕೆ ನಗಲಿಲ್ಲ, ಅದು ಅವನ ದೊಡ್ಡಗುಣ.

"ಅದ್ನ ಬಿಟ್ರೆ ಆಲ್ಬಮ್ಮೇ ಇಲ್ಲ ಟೀಚರ್. ಉಳಿದ ಹಾಡು ಯಾರಿಗೆ ನೆನಪದೆ? ನಂಗೇ ಇಲ್ಲ."

"ಹಾಗಾದ್ರೆ ಅದು ನಾನಲ್ಲ ಅಂತ ಹೇಳಿ. ನೀವು ನನ್ನ ಕಂಡೇ ಇರ್ಲಿಲ್ಲ."

"ಇರ್ಲಿಲ್ಲ" ಅಂದ, ಸಲೀಸಾಗಿ. "ಬಂಧನಾ ಅಂತ ಮೊದ್ಲು ಹೊಳೀತು. ಪ್ರಾಸಕ್ಕೆ ಚಂದನಾ. ಊರಿನ ಹೆಸ್ರು ಒಂದು ಬೇಕಿತ್ತು. ಹಟ್ಟಿಕೇರಿ ಹಾಕಿ ಕಂಡೆ, ಟ್ಯೂನಿಗೆ ಕೂರ್ಲಿಲ್ಲ. ಮಂಜಗುಣಿ ಕೂತ್ತು. ನಾನು ಮಂಜಗುಣಿಗೆ ಹೋದದ್ದೇ ಹಾಡು ಹಿಟ್ ಆದ್ಮೇಲೆ, ದೇವಸ್ಥಾನಕ್ಕೆ."

ಚಹಾ ಲೋಟ ಹಿಡಿದು ಕೂತೇ ಇದ್ದೆ.

ಹಟ್ಟಿಕೇರಿ ಕೂತಿದ್ದರೆ ನಾನು ಧಾರವಾಡಕ್ಕೆ ಹೋಗುತ್ತಿದ್ದೆ.

"ಅದನ್ನೇ ಸ್ಟೇಜಿನಲ್ಲಿ ಹೇಳಿ" ಅಂದೆ. "ಕಾಣ್ವಾ, ಕಾಣ್ವಾ" ಅಂದ. ಬಸ್‌ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಟ್ಟುಕೊಟ್ಟ. ಬೇಡವೆಂದರೂ. ಕಾರಿನಿಂದ ಇಳಿಯುವುದನ್ನು ಯಾರಾದರೂ ನೋಡಿದರೋ ಅಂತ ಸುತ್ತಲೂ ಕಣ್ಣಾಡಿಸಿದೆ. ಕಳ್ಳಿಯ ಹಾಗೆ. ನಲವತ್ತನಾಲ್ಕು ವರ್ಷದ ಹೆಂಗಸು.

೧೭ ನವೆಂಬರ್, ಸೋಮವಾರ

ಇವರಿಗೆ ಹೇಳಿದೆ. ಬೆಳಿಗ್ಗೆ, ದೋಸೆ ಹೊಯ್ಯುತ್ತ. ಬೆನ್ನು ಮಾಡಿ ನಿಂತದ್ದಕ್ಕೆ ಧೈರ್ಯ ಬಂತೇನೋ. ಕಾರವಾರಕ್ಕೆ ಹೋದದ್ದು, ಪ್ರಾಸ, ಟ್ಯೂನು, ಎಲ್ಲ. "ನಾನು ಅವನನ್ನು ಕಂಡದ್ದೇ ನಿನ್ನೆ. ಇಪ್ಪತ್ತು ವರ್ಷದಿಂದ ನಿಮಗೆ ಇದೊಂದು ಹೇಳೂದಿತ್ತು."

ತಿರುಗಿದೆ. ತಟ್ಟೆ ನೋಡುತ್ತ ಕೂತಿದ್ದರು. ಮುಖದಲ್ಲಿ ಸಮಾಧಾನ ಇರಬೇಕಿತ್ತು. ಇದ್ದದ್ದು ಬೇರೆ ಏನೋ.

"ಪ್ರಾಸಕ್ಕಾ?" ಅಂದರು. "ಬರೀ ಪ್ರಾಸಕ್ಕಾ?"

ಆಮೇಲೆ ನಿಧಾನ ಹೇಳಿದರು. ಆ ಕ್ಯಾಸೆಟ್ಟು ಇವರ ಹತ್ತಿರವೂ ಇತ್ತಂತೆ. ಟೇಪು ತೇದುಹೋಗುವವರೆಗೆ ಕೇಳಿದ್ದರಂತೆ. "ಮಂಜಗುಣಿ ಹುಡುಗಿ, ಚಂದನಾ ಅಂತ ಹೆಸ್ರು, ಅಂದ್ರು. ನಾ ಜಾತಕ ಕೇಳೂಕಿಂತ ಮೊದ್ಲೇ ಹೂಂ ಅಂದೆ. ಯಾರಿಗೂ ಸಿಗದೆ ಇದ್ದವಳು ನಂಗೆ ಸಿಕ್ಕಳಲ್ಲ ಅಂತ..."

"ಮತ್ತೆ ರೇಡಿಯೊ ಬಂದ್ ಮಾಡ್ತಿದ್ದದ್ದು?"

"ನಿನ್ನ ಮುಖ ಬಾಡ್ತಿತ್ತಲ್ಲೆ. ಅವನ ನೆನಪಾಗಿ ಬೇಜಾರ್ ಮಾಡ್ಕಂತಿ ಅಂದ್ಕಂಡಿದ್ದೆ." ತಡೆದು ಹೇಳಿದರು, "ಡ್ಯೂಟಿಗೆ ಹೋಗುವಾಗ ಬೈಕ್ ಮೇಲೆ ನಾ ಹಾಡ್ಕಂತೆ. ಈಗಲೂ."

ದೋಸೆ ಸೀದಿತು.

ನನ್ನ ಅಪ್ಪ ಹಾಡಿಗೆ ಹೆದರಿದರು. ಗಂಡ ಹಾಡನ್ನು ಮದುವೆಯಾದರು. ನಾನು ಎಲ್ಲಿದ್ದೆ ಇದರಲ್ಲಿ?

೩೦ ನವೆಂಬರ್, ಭಾನುವಾರ

ಎರಡು ವಾರ ಏನೂ ಬರೆಯಲಿಲ್ಲ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದೇವೆ. ಇವರು ನನ್ನ ಬಟ್ಟೆಯೂ ಒಣಗಿಸಿ ಮಡಚಿಡುತ್ತಾರೆ. ನೋಡಿದರೆ ಸಿಟ್ಟು ಬರುತ್ತದೆ, ಪಾಪವೂ ಅನ್ನಿಸುತ್ತದೆ.

ಶಾಲೆಯ ಗೇಟಿನ ಎದುರೇ ಪ್ರೋಗ್ರಾಮಿನ ಬ್ಯಾನರು.

ಹೋಗುತ್ತೇನೆ. ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ. ಮೈಕು ಹಿಡಿದು, ಊರೆಲ್ಲ ಕೇಳುವ ಹಾಗೆ, ಒಂದೇ ಸಲ. ಪಾಠ ಹೇಳುವವಳಿಗೆ ಇದೇನು ದೊಡ್ಡದು. ಮುಗಿದುಹೋಗಲಿ.

೭ ಡಿಸೆಂಬರ್, ಭಾನುವಾರ, ಬೆಳಿಗ್ಗೆ

ನಿನ್ನೆ ಸಂಜೆಯದು ಬರೆದಿಡಬೇಕು.

ಮೈದಾನ ತುಂಬ ಜನ. ನಮ್ಮ ಶಾಲೆಯ ಮಕ್ಕಳು ಮುಂದೆಯೇ. ನನ್ನ ಒಂದು ಪಕ್ಕ ಇವರು, ಇನ್ನೊಂದು ಪಕ್ಕ ದೀಕ್ಷಾ. ಸಂದೇಶ ಬಿಳೀ ಕೋಟಿನಲ್ಲಿ ಬಂದ. ಶಿಳ್ಳೆ. ಮೈಕು ಬಾಯಿಗಿಟ್ಟು ದನಿ ಇಳಿಸಿದ — "ಇಪ್ಪತ್ತೈದ್ ವರ್ಷದ ಹಿಂದೆ, ಮಂಜಗುಣಿ ದಂಡೆಯಲ್ಲಿ, ಬಾರ್ಜು ಹತ್ತುವ ಒಂದು ಹುಡುಗಿಯ ಕಂಡೆ. ನೀಲಿ ದಾವಣಿ..."

ನೀಲಿ ದಾವಣಿ! ಇಪ್ಪತ್ತು ದಿನದ ಹಿಂದೆ ನನ್ನ ಎದುರು ಕೂತು ಹೇಳಿದ ಅದೇ ಬಾಯಿ.

ಕರೆದ. ಲೈಟು ನನ್ನ ಮೇಲೆ ಬಿತ್ತು. ಹೋದೆ. ಮೆಟ್ಟಿಲಲ್ಲಿ ಸೀರೆ ತೊಡರಿತು. ಮೈಕು ಇಸಿದುಕೊಂಡೆ, ನಡುಗದ ದನಿಯಲ್ಲಿ ಹೇಳಿದೆ — ನಡುಗಲಿಲ್ಲ, ಅದು ನಿಜ —

"ನಾನು ಚಂದನಾ. ಮಂಜಗುಣಿಯವಳು. ಈ ಹಾಡು ನನ್ನ ಮೇಲೆ ಬರೆದದ್ದಲ್ಲ. ಸಂದೇಶ ಅವರನ್ನು ನಾನು ಕಳೆದ ತಿಂಗಳವರೆಗೆ ಕಂಡೇ ಇರಲಿಲ್ಲ. ಇದರಿಂದ ನನ್ನ ಓದು ನಿಂತಿತು. ದಯವಿಟ್ಟು ನನ್ನನ್ನು ಬಿಟ್ಟುಬಿಡಿ."

ಮೈಕು ಕೆಳಗಿಳಿಸಿದೆ.

ಸಂದೇಶ ಇನ್ನೊಂದು ಮೈಕಿನಲ್ಲಿ ನಕ್ಕ. "ಕಂಡ್ರಾ? ಆವತ್ತೂ ಹೀಗೇ! ಇಲ್ಲ ಅಂದೇ ಹೋದ್ಲು!"

ಬಿದ್ದಿತಲ್ಲ ಚಪ್ಪಾಳೆ... ಡ್ರಮ್ಮು ಶುರುವಾಯಿತು. ಎಲ್ಲರೂ ಎದ್ದು ನಿಂತು ಹಾಡಿದರು. ನನ್ನ ಕಡೆ ಕೈಚಾಚಿ, ನನ್ನ ಹೆಸರು ಕೂಗಿ. ಪ್ರೀತಿಯಿಂದಲೇ. ನಾನು ಅವರ ನಡುವೆ, ಲೈಟಿನಲ್ಲಿ. ಇಳಿಯುವ ಮೆಟ್ಟಿಲು ಎಲ್ಲಿದೆ ಅಂತ ಕಾಣಲಿಲ್ಲ.

ದೀಕ್ಷಾ ಬಂದು ಕೈಹಿಡಿದು ಇಳಿಸಿದಳು. ಅಳುತ್ತಿದ್ದಳು. ಮನೆಗೆ ಬರುವವರೆಗೆ ಕೈ ಬಿಡಲಿಲ್ಲ.

೧೯ ಡಿಸೆಂಬರ್, ಶುಕ್ರವಾರ

ಆಲ್ಬಮ್ ಬಂತು. ಎಲ್ಲರ ಮೊಬೈಲಿನಲ್ಲಿ.

ದೀಪಾಲಿ ಇವತ್ತು ಏನೂ ಹೇಳದೆ ಇಯರ್‌ಫೋನು ಕೊಟ್ಟಳು. ಮೊದಲ ಹಾಡು. ಗಿಟಾರ್ ಇಲ್ಲ, ಡ್ರಮ್ ಇಲ್ಲ, ಮೊದಲು ಒಂದು ಹೆಂಗಸಿನ ದನಿ. "ನಾನು ಚಂದನಾ. ಮಂಜಗುಣಿಯವಳು. ಈ ಹಾಡು ನನ್ನ ಮೇಲೆ ಬರೆದದ್ದಲ್ಲ." ಅಲ್ಲಿಗೆ ಕತ್ತರಿಸಿದ್ದಾರೆ. ಓದು ನಿಂತದ್ದು ಇಲ್ಲ. ಬಿಟ್ಟುಬಿಡಿ ಅಂದದ್ದು ಇಲ್ಲ. ಆಮೇಲೆ ಡ್ರಮ್ಮು.

ಸಂದೇಶನಿಗೆ ಫೋನು ಮಾಡಿದೆ. "ಕೇಳ್ದೆ ಹಾಕಿದ್ದು ತಪ್ಪೇ, ಟೀಚರ್. ಆದ್ರೆ ಬೇಜಾರ್ ಮಾಡ್ಕಬೇಡಿ, ಇದು ನಿಮಗೆ ಮರ್ಯಾದೆ" ಅಂದ. "ನಿಮ್ಮ ಹೆಸ್ರೂ ಹಾಕಿದ್ದೆ, ನಮ್ಮ ನಾಕ್ ಜನರ ಕೆಳಗೆ." ತೆಗೆಯಿರಿ ಅಂದೆ. ಹೋದದ್ದು ಹೋಯ್ತು, ಇನ್ನು ತನ್ನ ಕೈಯಲ್ಲಿಲ್ಲ ಅಂದ. ನಿಜ ಹೇಳುತ್ತಿದ್ದಾನೆ ಅನ್ನಿಸಿತು. ಅದೇ ಹೆಚ್ಚು ಹೆದರಿಸಿತು.

ಹತ್ತನೇ ಬಿ. ಡೆಸ್ಕಿನ ಮೇಲೆ ಗೀಚಿದ್ದು ಯಾರು ಅಂದೆ. ಒಬ್ಬಳು ಎದ್ದು ನನ್ನದೇ ದನಿಯಲ್ಲಿ, "ಈ ಹಾಡು ನನ್ನ ಮೇಲೆ ಬರೆದದ್ದಲ್ಲ, ಟೀಚರ್." ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮೊದಲು ನನ್ನ ಹೆಸರಷ್ಟೇ ಅದರೊಳಗಿತ್ತು. ಈಗ ದನಿಯೂ ಹೋಯಿತು.

೨೧ ಡಿಸೆಂಬರ್, ಭಾನುವಾರ, ಮಧ್ಯಾಹ್ನ

ಇವರಿಗೆ ರಜೆ. ಊಟವಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಬಂದು ನನ್ನ ಪಕ್ಕ ಕೂತರು. ಆಚೆ ಮನೆಯ ಟಿವಿಯಲ್ಲಿ ಅದೇ ಹಾಡು. ಎದ್ದು ಹೋಗೋಣ ಅನ್ನಲಿಲ್ಲ. ಗುನುಗಲೂ ಇಲ್ಲ.

"ಒಂದ್ ಕೇಳ್ತೆ" ಅಂದರು. "ಆ ಹಾಡು ಬರೂಕಿಂತ ಮೊದ್ಲು ನೀ ಹ್ಯಾಂಗಿದ್ದೆ?"

ಯಾರೂ ಕೇಳಿಲ್ಲ ಇದನ್ನು. ನಾನೂ ಕೇಳಿಕೊಂಡಿಲ್ಲ. ಎಲ್ಲಿಂದ ಹಿಡಿದರೂ ಹಾಡೇ ಅಡ್ಡ ಬರುತ್ತದೆ... ಆಚೆಯ ಟಿವಿಯಲ್ಲಿ ಅದು ಮುಗಿಯಿತು. ಏನೋ ಜಾಹೀರಾತು. ಇವರು ಕಾಯುತ್ತಿದ್ದರು.

"ಬಳಚು ಚಿಪ್ಪಿ ಹೆಕ್ಕೂಕೆ ಹೋಗ್ತಿದ್ದೆ" ಅಂದೆ. "ಇಳಿತದ ಹೊತ್ತಿಗೆ. ಹೊಳೆ ಬಾಯಲ್ಲಿ. ಮೊಣಕಾಲ ಮಟ್ಟ ನೀರಲ್ಲಿ ನಿಂತು, ಕಾಲ್ಬೆರಳಲ್ಲೇ ತಡಕೂದು. ಒಬ್ಬಳೇ. ಏನೋ ಹಾಡ್ಕಂತಿದ್ದೆ."

"ಎಂತ ಹಾಡು?"

"ನಂದೇ. ಬಾಯಿಗೆ ಬಂದದ್ದು."

"ಹಾಡು, ಕೇಳ್ವಾ."

ನಗು ಬಂತು. ಆಮೇಲೆ ನಿಜವಾಗಿ ಹುಡುಕಿದೆ. ಮರೆತೇ ಹೋಗಿದೆ ಅಂದುಕೊಂಡೆ. ಕಣ್ಣು ಮುಚ್ಚಿದರೆ ಕೆಸರು ಕಾಲಿಗೆ ತಂಪಾಗಿ ಹತ್ತಿತು, ಬುಟ್ಟಿ ಸೊಂಟಕ್ಕೆ ಒತ್ತಿತು, ಆಚೆ ದಡದಲ್ಲಿ ಯಾರೋ ಯಾರನ್ನೋ ಕರೆದರು, ನನ್ನನ್ನಲ್ಲ — ಮತ್ತು ಅದರ ಮೊದಲ ಸಾಲು ಬಾಯಿಗೆ ಬಂತು, ಅದು ‘ನಾನು’ ಅಂತಲೇ ಶುರುವಾಗುತ್ತಿತ್ತು.