ಚಂಪಾವತಿಗೆ ಜೋಡಿಸಿಕೊಟ್ಟ ಕಂಪ್ಯೂಟರು

ಗದಗ-ಬೆಟಗೇರಿ
ಎರಡನೇ ಮೇ ತಿಂಗಳ ಹನ್ನೊಂದು, 2171

ಮಾನ್ಯ ವಿರೂಪಾಕ್ಷ ಕಡೇಮನಿಯವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಮುಗಿಯುವುದನ್ನೇ ಮರೆತಾಗ ನಮ್ಮ ಮುತ್ತಜ್ಜಂದಿರ ಕಾಲದ ಸರ್ಕಾರ ಮೇ ಆದ ಮೇಲೆ ಇನ್ನೊಂದು ಮೇ ತಿಂಗಳನ್ನು ಸೇರಿಸಿತು. ಆ ಮೂವತ್ತು ದಿನ ಹಗಲು ಹೊತ್ತಿನಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದವರು ಬರೆದದ್ದನ್ನು ಓದಿ, ಆದಷ್ಟು ಹಾಗೆಯೇ ಬರೆಯಲು ಯತ್ನಿಸಿದ್ದೇನೆ.

ನೀವು ಯಾರೆಂದು ನನಗೆ ಗೊತ್ತಿಲ್ಲ. ನೀವು ಜೋಡಿಸಿದ ಕಂಪ್ಯೂಟರಿನ ಕ್ಯಾಬಿನೆಟ್ ಮಾತ್ರ ನನಗೆ ಸಿಕ್ಕಿತ್ತು. ಅದರ ಬದಿಯ ತಗಡಿನ ಒಳಮೈಯಲ್ಲಿ ಕಪ್ಪು ಮಾರ್ಕರಿನಿಂದ ನೀವು ಬರೆದಿದ್ದಿರಿ: “ಜೋಡಿಸಿದವ ವಿರೂಪಾಕ್ಷ ಕಡೇಮನಿ, ಹಾಸ್ಟೆಲ್ ರೂಮ್ 14, 2026. ಗೆಳೆಯ ಯಲ್ಲಪ್ಪಗ. ಆಡು, ಆದ್ರ ಓದೂ ಓದು ಮಗನ.” ಅದನ್ನು ಓದಿದಾಗ ನನಗೆ ಇಪ್ಪತ್ತು ವರ್ಷ. ನಾನೂ ಇರ್ಫಾನಾ ನದಾಫಳೂ ಬಹಳ ಹೊತ್ತು ನಕ್ಕೆವು.

ಇರ್ಫಾನಾ ನನ್ನ ರೂಮ್‌ಮೇಟ್. ಇಬ್ಬರೂ ಇಲ್ಲಿನ ಒಂದು ತಾಂತ್ರಿಕ ಕಾಲೇಜಿನಲ್ಲಿ ಓದುತ್ತಿದ್ದೆವು. ಆಗಲೂ ಈಗಲೂ ನಮ್ಮಲ್ಲಿ ಯಾರಿಗೂ ಸ್ವಂತ ಕಂಪ್ಯೂಟರ್ ಇಲ್ಲ. ಬಾಡಿಗೆ ಪರದೆ ಇರುತ್ತದೆ. ಅದು ಬರೀ ಗಾಜು. ಲೆಕ್ಕ ಮಾಡುವ ಯಂತ್ರ ಎಲ್ಲೋ ದೂರದಲ್ಲಿರುತ್ತದೆ. ಓದಿಗೆ ದಿನಕ್ಕೆ ಇಷ್ಟು ತಾಸು, ಮಾತಿಗೆ ಇಷ್ಟು ನಿಮಿಷ, ಆಟಕ್ಕೆ ಏನೂ ಇಲ್ಲ. ತಾಸು ಮುಗಿದರೆ ಗಾಜು ಕಪ್ಪಾಗುತ್ತದೆ. ಬೆಟಗೇರಿಯ ಆಚೆ ಹಳೇಗುಡ್ಡ ಎಂಬ ಜಾಗವಿದೆ. ನಿಮ್ಮ ಕಾಲದವರು ಎಸೆದ ಯಂತ್ರಗಳೆಲ್ಲ ಅಲ್ಲಿ ಗುಡ್ಡವಾಗಿ ಬಿದ್ದಿವೆ. ನಾವು ಬೆಳಗಿನ ಜಾವ ಅಲ್ಲಿಗೆ ಹೋಗಿ, ಮಣ್ಣಲ್ಲಿ ಹುಗಿದ ಬೋರ್ಡುಗಳನ್ನು ಎಬ್ಬಿಸಿ, ಚೀಲದಲ್ಲಿ ತುಂಬಿಕೊಂಡು ಬಿಸಿಲೇರುವ ಮೊದಲೇ ಹಿಂತಿರುಗುತ್ತಿದ್ದೆವು. ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕು ಕೆರೆದು, ಹತ್ತರಲ್ಲಿ ಒಂದು ಬದುಕಿದರೆ ಹಬ್ಬ ಮಾಡುತ್ತಿದ್ದೆವು. ಮೊದಲ ಕಂಪ್ಯೂಟರ್ ಓಡಿದ ದಿನ ಹಾಸ್ಟೆಲಿನ ಹುಡುಗಿಯರೆಲ್ಲ ನಮ್ಮ ಕೋಣೆಗೆ ನುಗ್ಗಿದರು. ಅದರಲ್ಲಿದ್ದದ್ದು ಕಾರು ಓಡಿಸುವ ಹಳೆಯ ಆಟ. ಯಾರೂ ನಿಜವಾದ ರಸ್ತೆಯಲ್ಲಿ ಕಾರು ಓಡಿಸಿದವರಲ್ಲ. ಗೋಡೆಗೆ ಗುದ್ದಿದಾಗಲೆಲ್ಲ ಕಿರುಚಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದು “ನನಗೊಂದು ಜೋಡಿಸಿ ಕೊಡ್ರೀ” ಎನ್ನತೊಡಗಿದರು. ಕೊಟ್ಟಷ್ಟು ತೆಗೆದುಕೊಂಡು ಎಂಟು ಜನರಿಗೆ ಜೋಡಿಸಿಕೊಟ್ಟೆವು.

ಇರ್ಫಾನಾಳದು ಒಂದೇ ನಿಯಮ. ಯಾವುದೇ ಕಂಪ್ಯೂಟರ್ ಕೈಬಿಡುವ ಮೊದಲು ಮೂರು ದಿನ ಬಿಡದೆ ಓಡಬೇಕು. ಅದರಲ್ಲೂ ಎಸ್‌ಎಂಪಿಎಸ್, ಎಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಒಗ್ಗುವಂತೆ ಇಳಿಸಿಕೊಡುವ ಡಬ್ಬಿ, ಅದನ್ನು ಬಿಚ್ಚಿ ನೋಡದೆ ಅವಳು ಒಪ್ಪುತ್ತಿರಲಿಲ್ಲ. ಮೂರು ದಿನ ಕಳೆದ ಮೇಲೆ ನಿಮ್ಮ ಹಾಗೆಯೇ ತಗಡಿನ ಒಳಗೆ ತನ್ನ ಹೆಸರು ಬರೆಯುತ್ತಿದ್ದಳು. ಆ ಹೆಸರಿದ್ದರೆ ಹುಡುಗಿಯರು ಕಣ್ಣುಮುಚ್ಚಿ ನಂಬುತ್ತಿದ್ದರು.

ಒಂಬತ್ತನೆಯದು ಚಂಪಾವತಿ ಬಡಿಗೇರಳಿಗೆ. ನಮಗಿಂತ ಒಂದು ವರ್ಷ ಚಿಕ್ಕವಳು. ತಂದೆತಾಯಿ ಇರಲಿಲ್ಲ, ಮೌನೇಶ ಎಂಬ ತಮ್ಮನಿದ್ದ. ಕಾಲೇಜು ಸೇರದ ಹುಡುಗರನ್ನು ಹದಿನೆಂಟು ತುಂಬಿದೊಡನೆ ಏಳು ವರ್ಷ ಕಡಲಗೋಡೆಗೆ ಕಳಿಸುತ್ತಾರೆ. ಏರಿ ಬರುತ್ತಿರುವ ಸಮುದ್ರಕ್ಕೆ ಅಡ್ಡಲಾಗಿ ಕಾರವಾರದ ಉದ್ದಕ್ಕೂ ಕಟ್ಟುತ್ತಿರುವ ಗೋಡೆ ಅದು. ಅಲ್ಲಿಂದ ಪತ್ರವೂ ಬರುವುದಿಲ್ಲ. ಮೌನೇಶ ಆಗ ರೋಣದ ಶಿಬಿರದಲ್ಲಿದ್ದ. ಅಲ್ಲಿ ನಮ್ಮಂಥವರೇ ಯಾರೋ ಜೋಡಿಸಿದ ಒಂದು ಕಂಪ್ಯೂಟರ್ ಇತ್ತು. ಹಳೆಯ ದೂರವಾಣಿ ತಂತಿ ಹಿಡಿದು ಎರಡನ್ನೂ ಕೂಡಿಸಿದರೆ ಅಕ್ಕ ತಮ್ಮ ಜೊತೆಯಾಗಿ ಆಡಬಹುದಿತ್ತು.

“ಇಪ್ಪತ್ತು ದಿನ ಅಷ್ಟ ಐತ್ರೀ ಅಕ್ಕಾರ,” ಎಂದಳು ಚಂಪಾವತಿ. “ಆಮ್ಯಾಲೆ ಏಳು ವರ್ಷ ಅವನ ಸುದ್ದೀನ ಇರಾಂಗಿಲ್ಲ.”

ಉಳಿದದ್ದೆಲ್ಲ ಸಿಕ್ಕಿತ್ತು, ಒಳ್ಳೆಯ ಎಸ್‌ಎಂಪಿಎಸ್ ಸಿಕ್ಕಿರಲಿಲ್ಲ. ಇದ್ದದ್ದು ಒಂದೇ, ಅದೂ ಒಳಗಿನ ಬಿಡಿಭಾಗಗಳು ಉಬ್ಬಿ ಕೆಟ್ಟದ್ದು.

“ಇನ್ನೊಂದು ಸಿಗೋತನಾ ತಡೀಲಿ ಆಕಿ,” ಎಂದಳು ಇರ್ಫಾನಾ. “ಇದನ್ನ ಹಾಕಬ್ಯಾಡ.”

ನಾನು ಅದರ ಉಬ್ಬಿದ ಬಿಡಿಭಾಗಗಳನ್ನು ಕಿತ್ತು ಬೇರೆ ಹಾಕಿ, ಸರಿ ಮಾಡಿದ್ದೇನೆ ಎಂದೆ. ಮೂರು ದಿನ ಲ್ಯಾಬಿನಲ್ಲಿ ಓಡಿಸಿ ನೋಡುವ ಜವಾಬ್ದಾರಿಯನ್ನೂ ನಾನೇ ಹೊತ್ತುಕೊಂಡೆ. ಓಡಿಸಿದ್ದು ಒಂದು ತಾಸು. ಸಣ್ಣಗೆ ಸುಟ್ಟ ವಾಸನೆ ಬಂತು. ಧೂಳು ಕಾದ ವಾಸನೆ ಎಂದು ನನಗೆ ನಾನೇ ಹೇಳಿಕೊಂಡು ಆರಿಸಿಬಿಟ್ಟೆ. ನಾಲ್ಕನೆಯ ದಿನ ಇರ್ಫಾನಾ ಕೇಳಿದಳು, “ಮೂರೂ ದಿನ ಓಡಿತೇನು?”

“ಹೂಂ, ಓಡಿತು,” ಎಂದೆ.

ಅವಳು ಮಾರ್ಕರ್ ತೆಗೆದು ಹೆಸರು ಬರೆದಳು.

ಆ ಹುಡುಗಿಯ ಮೇಲಿನ ಕನಿಕರದಿಂದ ಸುಳ್ಳು ಹೇಳಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಕನಿಕರವೂ ಇತ್ತು. ಆದರೆ ಹಾಸ್ಟೆಲಿನಲ್ಲೆಲ್ಲ ನಮ್ಮನ್ನು ಹೊಗಳುತ್ತಿದ್ದರು, ನನ್ನಿಂದ ಆಗುವುದಿಲ್ಲ ಎಂದು ಒಬ್ಬಳಿಗೆ ಹೇಳುವುದು ನನಗೆ ಅವಮಾನವಾಗಿತ್ತು. ನಿಜ ಇಷ್ಟೇ.

ಎರಡನೇ ಮೇ ಹುಟ್ಟಿತು. ನಾವು ಎಪ್ಪತ್ತು ಜನ ತಂಪುನೆಲೆಗೆ ಇಳಿದೆವು. ಅದು ನೆಲದಡಿಯ ಉದ್ದನೆಯ ಹಜಾರ, ಒಂದೇ ಬಾಗಿಲು, ಒಂದೇ ಮೆಟ್ಟಿಲು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ಜಗಳ. ಹಜಾರದ ಕೊನೆಯಲ್ಲಿ ಬಟ್ಟೆಯ ಮರೆ ಕಟ್ಟಿ ಅದರ ಹಿಂದೆ ಚಂಪಾವತಿ ತನ್ನ ಕಂಪ್ಯೂಟರ್ ಇಟ್ಟುಕೊಂಡಳು. ಅಕ್ಕ ತಮ್ಮ ಆಡುತ್ತಿದ್ದದ್ದು ದನ ಕಾಯುವ ಆಟ. ದೊಡ್ಡ ಹಸಿರು ಬಯಲು, ನಡುವೆ ಒಂದು ಹೊಳೆ. ಇಬ್ಬರೂ ಕಟ್ಟಿಗೆ ಕಡಿದು ಕೊಟ್ಟಿಗೆ ಕಟ್ಟಿದರು, ಆಕಳುಗಳಿಗೆ ಹೆಸರಿಟ್ಟರು. ಮಳೆ ಬಂದರೆ ಅವಳು ನಮ್ಮನ್ನೆಲ್ಲ ಕರೆಯುತ್ತಿದ್ದಳು. ಪರದೆಯ ಮೇಲಿನ ಆ ಮಳೆಯನ್ನು ನೋಡುತ್ತಾ ನಾವು ಸುಮ್ಮನೆ ನಿಲ್ಲುತ್ತಿದ್ದೆವು. ಒಂಬತ್ತು ದಿನ ಅವಳಷ್ಟು ಸಂತೋಷವಾಗಿದ್ದವರನ್ನು ನಾನು ಮತ್ತೆ ನೋಡಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಪಟ್ಟೆಂದು ಸದ್ದಾಯಿತು. ಮರೆಯ ಬಟ್ಟೆಗೆ ಬೆಂಕಿ ಹತ್ತಿ ಹೊಗೆ ಕವಿಯಿತು. ಎಲ್ಲರೂ ಮೆಟ್ಟಿಲ ಕಡೆ ಓಡಿದೆವು. ಹೊರಗೆ ಉಸಿರೆಳೆದರೆ ಗಂಟಲು ಸುಡುವ ಬಿಸಿಲು. ಗೋಡೆಯ ನೆರಳಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು ತಲೆ ಎಣಿಸಿದಾಗ ಒಬ್ಬಳು ಕಡಿಮೆ. ಇರ್ಫಾನಾ ತಿರುಗಿ ಒಳಗಿಳಿದಳು. ನಾನು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಚಂಪಾವತಿಯನ್ನು ಎಳೆದು ತಂದಳು. ಆ ಹುಡುಗಿ ಓಡದೆ, ತನ್ನ ಕಂಬಳಿ ಹೊದಿಸಿ ಬೆಂಕಿ ಆರಿಸಲು ಅಲ್ಲೇ ನಿಂತಿದ್ದಳಂತೆ. ಮೈ ಎಲ್ಲೂ ಸುಟ್ಟಿರಲಿಲ್ಲ. ಉಸಿರು ಮಾತ್ರ ಇರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮೇಜಿನ ಮೇಲೆ ಕರಕಲಾದ ತಗಡನ್ನು ಇಟ್ಟುಕೊಂಡು ಕೂತಿದ್ದರು. ಒಳಮೈಯಲ್ಲಿ ಇರ್ಫಾನಾಳ ಹೆಸರು ಓದುವಷ್ಟು ಉಳಿದಿತ್ತು.

“ಇದನ್ನು ಪರೀಕ್ಷೆ ಮಾಡಿದವರು ಯಾರು?”

ಇರ್ಫಾನಾ ನನ್ನನ್ನು ನೋಡಿದಳು.

“ನನಗ ಗೊತ್ತಿಲ್ರಿ ಸರ್,” ಎಂದೆ.

ಅವಳನ್ನು ಕಾಲೇಜಿನಿಂದ ತೆಗೆದರು. ಮೂರು ವರ್ಷ ಸೆರೆಯಲ್ಲಿಟ್ಟರು. ಉಳಿದ ಎಂಟೂ ಕಂಪ್ಯೂಟರುಗಳನ್ನು ಅಂಗಳದಲ್ಲಿ ಸುತ್ತಿಗೆಯಿಂದ ಒಡೆದರು. ಒಡೆಯುವ ಹಿಂದಿನ ದಿನ ನಾನು ಅವುಗಳಲ್ಲೊಂದನ್ನು ತಂತಿಗೆ ಕೂಡಿಸಿ ಆಟದ ಆ ಬಯಲಿಗೆ ಹೋದೆ. ಮೌನೇಶ ಹೊಳೆಯ ದಂಡೆಯಲ್ಲಿ ಕೂತಿದ್ದ. ಪರದೆಯ ಮೂಲೆಯಲ್ಲಿ ಅವನ ಮಾತುಗಳು ಒಂದರ ಕೆಳಗೊಂದು ಇದ್ದವು. “ಅಕ್ಕಾ, ಎಲ್ಲಿ ಹೋದಿ?” “ದನ ನೀರಿಗೆ ಬಿಟ್ಟೀನಿ.” “ಕರೀ ಆಕಳ ಈದೈತಿ, ಬಾ.” “ಸಿಟ್ಟಾದಿ ಏನು? ನಾಳೆ ನಮ್ಮನ್ನ ಒಯ್ತಾರ.” ನನ್ನನ್ನು ಕಂಡೊಡನೆ ಅವನು ಎದ್ದು ಓಡಿ ಬಂದ. ನಾನು ಏನೋ ಬರೆಯಲು ಕೈಯಿಟ್ಟೆ. ಆಮೇಲೆ ಬಟನ್ ಒತ್ತಿ ಆರಿಸಿದೆ.

ನನ್ನ ಓದು ಮುಗಿಯಿತು. ಬಾಡಿಗೆ ಪರದೆಗಳನ್ನು ನೋಡಿಕೊಳ್ಳುವ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಯಾರ ತಾಸು ಮುಗಿಯಿತೋ ಅವರ ಗಾಜನ್ನು ಕಪ್ಪು ಮಾಡುವುದು ನನ್ನ ಕೆಲಸ. ಈಗ ನನಗೆ ಐವತ್ತೆರಡು. ಈ ವರ್ಷದ ಜನವರಿಯಲ್ಲಿ ಇರ್ಫಾನಾ ಅಣ್ಣಿಗೇರಿಯಲ್ಲಿದ್ದಾಳೆಂದು ತಿಳಿದು ಹೋದೆ. ಸಣ್ಣ ಅಂಗಡಿ, ಫ್ಯಾನ್ ರಿಪೇರಿ ಮಾಡುತ್ತಾಳೆ. ಗುರುತು ಹಿಡಿದಳು, ಕೂರು ಎನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಆ ಒಂದು ತಾಸು, ಆ ವಾಸನೆ, ಎಲ್ಲ. ಅವಳು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಆಕಿ ತಮ್ಮಗ ಹೇಳಿದಿ?” ಎಂದಳು ಕೊನೆಗೆ.

“ಇಲ್ಲ. ಗ್ವಾಡಿ ಕೆಲಸದಾಗ ತೀರ್ಕೊಂಡನಂತ. ಇಪ್ಪತ್ತೇಳು ವರ್ಷಾತು.”

“ಹಂಗಾರ ನನಗ್ಯಾಕ ಹೇಳಾಕ ಬಂದಿ? ಅವತ್ತ ಸಾಹೇಬರ ಮುಂದ ನಿನ್ನ ಮಾರಿ ನೋಡಿದಾಗ ನನಗ ಎಲ್ಲಾ ತಿಳೀತು. ಹೋಗು ಶಾಂಭವಿ, ಗಿರಾಕಿ ಬರ್ತಾರ.”

ಬಂದುಬಿಟ್ಟೆ.

ಕಡೇಮನಿಯವರೇ, ಹೇಳಬೇಕಾದವರಲ್ಲಿ ಒಬ್ಬ ಸತ್ತ, ಇನ್ನೊಬ್ಬಳಿಗೆ ನನ್ನ ಮಾತು ಬೇಡ. ನೂರನಲವತ್ತೈದು ವರ್ಷ ಹಿಂದಿರುವ ನಿಮಗೆ ಬರೆಯುತ್ತಿರುವುದು ಅದಕ್ಕೆ. ಇದು ನಿಮ್ಮನ್ನು ತಲುಪುವ ದಾರಿ ನನಗೆ ಕಾಣುವುದಿಲ್ಲ. ತಲುಪಿದರೆ, ಇಷ್ಟು ಮಾಡಿ. ನಿಮ್ಮ ರೂಮಿಗೆ ಯಾರಾದರೂ ಬಂದು, ಬೇಗ ಬೇಕು, ನಾಳೆಯೇ ಬೇಕು ಎಂದು ಕಣ್ಣಲ್ಲಿ ನೀರು ತಂದುಕೊಂಡರೂ, ಡಬ್ಬಿ ಸರಿಯಿಲ್ಲದಿದ್ದರೆ ಇಲ್ಲ ಎನ್ನಿ. ಅವರು ಸಿಟ್ಟಾಗಿ ಹೋಗಲಿ, ನಿಮ್ಮನ್ನು ಬೈಯಲಿ. ಬೈಯಲು ಅವರು ಬದುಕಿರುತ್ತಾರೆ.

ಇನ್ನು ಬರೆಯಲು ಏನೂ ಉಳಿದಿಲ್ಲ.

ಶಾಂಭವಿ ಹೊಸಕೇರಿ