ಜೀನಿನ ಕೊಂಬಿಗೆ ಹಾಕಿದ ಗಂಟು

ಎಲ್ಕೊ ಹತ್ತಿರದ ರಾಂಚು, ನೆವಾಡಾ
ಮೇ 24, 1952

ಪ್ರೀತಿಯ ಮಗ ಆರಿನ್,

ಕಾಲಿನ ಹುಣ್ಣು ಮಾಯಿತೇ? ನಾನು ಹೆಣೆದ ಉಣ್ಣೆಯ ಕಾಲುಚೀಲ ಕೊರಿಯಾಕ್ಕೆ ತಲುಪಿತೇ? ಸೈನ್ಯದ ಬೀನ್ಸ್ ಬಾಯಿಗೆ ಹಿಡಿಸದಿದ್ದರೂ ಬಿಡದೆ ತಿನ್ನು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮುದ್ದಿನ ಹೆಣ್ಣುಕುದುರೆ ಹ್ಯಾಟಿಯ ವಿಷಯ ಬರೆಯಲು ಮಾತ್ರ ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹೋಗುವಾಗ ನೀನು, "ಅಮ್ಮಾ, ಅವಳಿಗೆ ಹಗ್ಗದಲ್ಲಿ ಕರು ಹಿಡಿಯೋ ಕೆಲ್ಸ ನಿಧಾನಕ್ಕೆ ಕಲ್ಸು, ಹೆದರಿಸ್ಬೇಡ" ಎಂದಿದ್ದೆ. ಚಳಿಗಾಲವೆಲ್ಲ ಹಗ್ಗವನ್ನು ಅವಳ ಕಾಲಿಗೆ, ಹೊಟ್ಟೆಗೆ, ಬಾಲದಡಿಗೆ ಸವರಿದೆ. ಒಣ ದಿಮ್ಮಿ ಎಳೆಸಿದೆ. ಮಾರ್ಚ್ ಹೊತ್ತಿಗೆ ಕರುವಿಗೆ ಕುಣಿಕೆ ಬಿದ್ದ ಕೂಡಲೇ ತಾನಾಗಿ ನಿಂತು, ಕಿವಿ ಹಿಂದಕ್ಕೆ ತಿರುಗಿಸಿ ನನ್ನ ಕೈಯನ್ನೇ ಕಾಯುತ್ತಿದ್ದಳು. ಹಗ್ಗವನ್ನು ಜೀನಿನ ಮುಂದೆ ಎದ್ದಿರುವ ಕೊಂಬಿಗೆ ಎರಡು ಸುತ್ತು ಸುತ್ತಿ, ಎಳೆತ ಹೆಚ್ಚಾದರೆ ಸಡಿಲ ಬಿಡುವುದು ಇಲ್ಲಿಯವರ ಪದ್ಧತಿ. ನಿಮ್ಮಪ್ಪನ ಬಲಗೈ ಹೆಬ್ಬೆರಳು ಸಿಕ್ಕಿ ತುಂಡಾದದ್ದೂ ಆ ಸುತ್ತಿನಲ್ಲೇ.

ಅಷ್ಟರಲ್ಲಿ ನಿನ್ನ ಸೋದರಮಾವ ಡ್ಯೂಯಿ ಟೆಕ್ಸಾಸಿನಿಂದ ಬಂದಿಳಿದ. ಹೊಗೆಸೊಪ್ಪು ಅಗಿದು ನನ್ನ ಒಲೆಯ ಸೌದೆ ಪೆಟ್ಟಿಗೆಗೇ ಉಗಿಯುತ್ತಾನೆ, ಥೂ! "ಅಕ್ಕಾ, ಸುತ್ತೋದು ಬಿಡೋದು ಹೇಡಿಗಳ ಕೆಲ್ಸ. ನಮ್ಮಪ್ಪ ಕೊಂಬಿಗೆ ಗಂಟು ಹಾಕ್ತಿದ್ರು. ಹಿಡಿದ್ರೆ ಹಿಡಿದದ್ದೇ" ಎಂದ. ಏಪ್ರಿಲ್ ಮೊದಲ ವಾರ ಹ್ಯಾಟಿಯ ಮೇಲೆ ಕೂತು, ಹಗ್ಗದ ತುದಿಯನ್ನು ಕೊಂಬಿಗೆ ಬಿಗಿದು, ಸೀದಾ ಕೆಂಪು ಹೋರಿಯ ಕೊರಳಿಗೆ ಕುಣಿಕೆ ಎಸೆದ. ಹೋರಿ ಇಳಿಜಾರಿಗೆ ನುಗ್ಗಿತು. ಹ್ಯಾಟಿ ಕಲಿತಂತೆ ನಿಂತಳು, ಹಗ್ಗ ಸಡಿಲವಾಗುತ್ತದೆಂದು ಕಾದಳು. ಆಗಲಿಲ್ಲ. ಮಗ್ಗುಲಿಗೆ ಬಿದ್ದವಳನ್ನು ಹೋರಿ ಕಲ್ಲುಗಳ ಮೇಲೆ ಎಳೆದೊಯ್ದಿತು. ನಿಮ್ಮಪ್ಪ ಓಡಿಹೋಗಿ ಚಾಕುವಿನಿಂದ ಹಗ್ಗ ಕತ್ತರಿಸಿದರು. ಡ್ಯೂಯಿ ಮೊದಲೇ ಹಾರಿಕೊಂಡಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ, "ಕುದುರೆಗೇ ದಮ್ಮಿಲ್ಲ ಬಿಡು" ಅಂದ. ಆ ಮುಖ ಕಂಡರೆ ನನಗೆ ತಿಂದದ್ದು ಬಾಯಿಗೆ ಬರುತ್ತದೆ.

ಮೂಳೆ ಮುರಿದಿರಲಿಲ್ಲ. ಆದರೆ ಹಗ್ಗ ಸುಯ್ ಎಂದರೆ ಸಾಕು, ನಡುಗಿ ನಿಂತಲ್ಲೇ ಉಚ್ಚೆ ಹೊಯ್ಯುತ್ತಿದ್ದಳು. ಪಳಗಿಸಿದವನು ನೀನಾದರೂ ಕುದುರೆ ರಾಂಚಿನ ಯಜಮಾನರದು ತಾನೇ? "ಕರುಗಳಿಗೆ ಕಾದ ಮುದ್ರೆ ಒತ್ತೋ ದಿನ ಒಂದು ಕರು ಹಿಡ್ದು ನಿಲ್ಲಿಸ್ಲಿ. ಇಲ್ಲಾಂದ್ರೆ ಕಸಾಯಿಖಾನೆ ಲಾರಿ ಹತ್ಸಿ" ಎಂದುಬಿಟ್ಟರು. ಮತ್ತೆ ಮೊದಲಿನಿಂದ ಶುರುಮಾಡಿದೆ. ಸವರಿದೆ, ಬೈದೆ, ಮುದ್ದಾಡಿದೆ, ಅತ್ತೆ. ನಿನ್ನೆ ಆ ದಿನ ಬಂತು. ನಾನೇ ಹತ್ತಿ ಕುಣಿಕೆ ಎಸೆದು, ಕೊಂಬಿಗೆ ಎರಡು ಸುತ್ತು ಸುತ್ತಿದೆ. ಬೆವರಿಳಿಸುತ್ತ, ನಡುಗುತ್ತ, ಮುದ್ರೆ ಒತ್ತಿ ಬಿಟ್ಟ ಕರು ಏಳುವವರೆಗೂ ನಿಂತಳು ಮಗನೇ. ಯಜಮಾನರು ತಲೆಯಾಡಿಸಿ ಮುಂದೆ ಹೋದರು. ಬೇಲಿಯ ಮೇಲಿದ್ದ ಡ್ಯೂಯಿ, "ನೋಡಿದ್ರಾ, ನನ್ನ ಪಾಠ!" ಎಂದು ಕೂಗಿದ. ಮಾನಗೆಟ್ಟವನು!

ನಿಮ್ಮಪ್ಪ ಹರಸಿದ್ದಾರೆ. ಅವರ ಪಾಲಿನದೂ ಸೇರಿಸಿ ಮುತ್ತು ಕಳಿಸಿದ್ದೇನೆ. ದೇವರು ನಿನ್ನನ್ನು ಇಡಿಯಾಗಿ ಮನೆ ಸೇರಿಸಲಿ.

ನಿನ್ನ ಅಮ್ಮ,
ಲವೀನಾ

ಅಂಚೆಯ ಜೀಪು ಬಾಗಿಲಲ್ಲಿದೆ. ಬರೆಯಬಾರದೆಂದು ಬಿಟ್ಟದ್ದನ್ನು ಬರೆದುಬಿಡುತ್ತೇನೆ. ಗಂಟು ಹಾಕೆಂದು ಡ್ಯೂಯಿಗೆ ಹೇಳಿದ್ದು ನಾನೇ. ಹ್ಯಾಟಿ ನನ್ನ ತವರಿನ ಗಂಟಿಗೆ ಒಗ್ಗಿದರೆ ನೀನು ಬಂದ ಮೇಲೆ ಹಗ್ಗ ಸುತ್ತುವ ಕೆಲಸವಿಲ್ಲ, ನಿನ್ನ ಹೆಬ್ಬೆರಳು ಉಳಿಯುತ್ತದೆ ಎಂದುಕೊಂಡೆ. ನಿಮ್ಮಪ್ಪನಿಗೆ ಗೊತ್ತಿಲ್ಲ. ಬೈಗುಳವೆಲ್ಲ ತಾನೇ ತಿಂದು ಡ್ಯೂಯಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅದಕ್ಕೇ ಅವನ ಮುಖ ನೋಡಲಾಗುತ್ತಿಲ್ಲ.